ಎಂದೋ ಬಿಸಿಯಾಗುವ ಚೀಲ

ಮಾನ್ಯ ಎಂಡೋಥರ್ಮಿಕ್ ಎಂಬ ವಿಶೇಷಣದವರ ದಿವ್ಯ ಸನ್ನಿಧಿಗೆ,

ಹಾಗಾಗಿ ಮಾನ್ಯರೇ, ನಿನ್ನೆ ತಮ್ಮನ್ನು ಬೈಯುತ್ತಾ ಬಾಯಿಮಾತಿನಲ್ಲಿ ನಿಲ್ಲಿಸಿದ್ದನ್ನು ಇಂದು ಬರಹದಲ್ಲಿ ಮುಂದುವರಿಸುವುದಾದರೆ, ನನ್ನ ಮಂಡಿನೋವಿಗೆ ಶಾಖ ಬೇಕಿತ್ತು. ಔಷಧಿ ಅಂಗಡಿಯಲ್ಲಿ ತಾವು ಒಂದು ನೀಲಿ ಚೀಲದ ಮೇಲೆ ದಪ್ಪಕ್ಷರದಲ್ಲಿ ವಿರಾಜಮಾನರಾಗಿದ್ದಿರಿ. ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ತಮ್ಮ ವಂಶಾವಳಿ ಬಿಡಿಸಿದ್ದು ಅರ್ಧ ನೆನಪಿದೆ, ಉಳಿದರ್ಧಕ್ಕೆ ನಾನು ತೂಕಡಿಸುತ್ತಿದ್ದೆ: ತಾವು ಗ್ರೀಕರ ಮನೆತನ, ಎಂಡೋ ಎಂದರೆ ಒಳಗೆ, ಥರ್ಮ್ ಎಂದರೆ ಬಿಸಿ. ಒಳಗೆ ಬಿಸಿ! ಇನ್ನೇನು ಬೇಕು ಎಂದು ಚೀಲ ತಂದು, ಅದರ ಮೇಲೆ ಬರೆದಿದ್ದಂತೆ ಗುದ್ದಿ, ಮಂಡಿಯ ಮೇಲಿಟ್ಟೆ. ತಾವು ಮಂಜುಗಡ್ಡೆಯಾದಿರಿ. ಬಹುಶಃ ಇದು ನಮ್ಮ ಕನ್ನಡದ 'ಎಂದೋ' ಇರಬೇಕು, ಎಂದೋ ಒಂದು ದಿನ ಬಿಸಿಯಾದೀರಿ ಎಂದು ಹಲ್ಲು ಕಚ್ಚಿ ಕಾದೆ.

ಇಂದು ಬೆಳಿಗ್ಗೆ ದೂರು ಕೊಡಲು ಹೋದರೆ ಅಂಗಡಿಯವರು, "ಯಜಮಾನ್ರೇ, ಅದು ಬಿಸಿ ಕೊಡೋದಲ್ಲ, ಪಕ್ಕದೋರ ಬಿಸಿ ಒಳಗೆ ಎಳ್ಕೊಳ್ಳೋದು. ನಿಮಗೆ ಬೇಕಾಗಿದ್ದು ಎಕ್ಸೋಥರ್ಮಿಕ್ಕು," ಎಂದರು. ಆಹಾ! ಕದ್ದ ಮಾಲನ್ನೇ ಹೆಸರಿನಲ್ಲಿಟ್ಟುಕೊಂಡು ತಲೆಯೆತ್ತಿ ಓಡಾಡುವ ತಮ್ಮ ಧೈರ್ಯಕ್ಕೆ ಶಾಲು ಹೊದಿಸಬೇಕು, ಅದನ್ನೂ ತಣ್ಣಗೆ ಮಾಡುತ್ತೀರೆಂಬ ಭಯವಿಲ್ಲದಿದ್ದರೆ.

ಮಂಡಿ ಹಾಗಿರಲಿ. ನನ್ನವಳು ಇದ್ದಾಗ ಪ್ರತಿ ಸಂಜೆ ಸೋಫಾದ ಆ ತುದಿಯಿಂದ ತಣ್ಣನೆಯ ಪಾದಗಳನ್ನು ನನ್ನ ಮಡಿಲಿಗೆ ಚಾಚುತ್ತಿದ್ದಳು. ಕಾಲು ತಣ್ಣಗಿದ್ದರೇನು, ಒಳಗೆ ಬೆಚ್ಚಗಿದ್ದಾಳೆ ಎಂಬ ಅರ್ಥದಲ್ಲಿ ಮೂವತ್ತೊಂದು ವರ್ಷ ಅವಳನ್ನು 'ನನ್ನ ಎಂಡೋಥರ್ಮಿಕ್ಕು' ಎಂದು ಕರೆದೆ. "ರೀ, ಇಂಗ್ಲಿಷಲ್ಲಿ ಬೈತಿದ್ದೀರೇನ್ರೀ?" ಎಂದಾಗಲೆಲ್ಲ, ಹೊಗಳಿಕೆ ಕಣೇ ಎಂದು ಆಣೆ ಇಟ್ಟೆ. ಈಗ ನೋಡಿದರೆ ಬೈಗುಳವೇ. ಸಾಲದ್ದಕ್ಕೆ ಅಕ್ಷರಶಃ ನಿಜ. ಕ್ಷಮೆ ಕೇಳೋಣವೆಂದರೆ ಅವಳಿಲ್ಲ.

ಆದ್ದರಿಂದ ತಾವು ಒಂದೋ ಆ ಹಳೆಯ ಗ್ರೀಕರನ್ನು ಎಬ್ಬಿಸಿ ಅರ್ಥವನ್ನು ಹಿಂದಿನ ತಾರೀಖಿನಿಂದಲೇ ತಿದ್ದಿಸಿಕೊಡಬೇಕು, ಇಲ್ಲವೇ ಈ ಚೀಲದ ತಂಪು ಇಪ್ಪತ್ತು ನಿಮಿಷಕ್ಕೇ ಮುಗಿಯದಂತೆ ಏರ್ಪಾಟು ಮಾಡಬೇಕು. ನಿನ್ನೆ ಅದು ಮಂಡಿಯಿಂದ ಜಾರಿ ಮಡಿಲಿಗೆ ಬಿತ್ತು. ನಾನು ತೆಗೆಯಲಿಲ್ಲ. ಅಂಗಡಿಯವರು ಬೇರೆಯದು ಕೊಡುತ್ತೇನೆಂದರೂ ಇಂದು ಮತ್ತೆ ತಮ್ಮನ್ನೇ ತಂದಿದ್ದೇನೆ. ಬೆಳಕು ಇಳಿಯುತ್ತಿದೆ, ಸಾಲಿನ ಮೇಲೆ ಸಾಲು ಹತ್ತುತ್ತಿದೆ. ಅವಳು ಕಾಲು ಚಾಚುವ ಹೊತ್ತಾಯಿತು. ಚೀಲ ಗುದ್ದಬೇಕು.

ಪಕ್ಕದವರಿಗೆ ಬಿಸಿ ಕೊಟ್ಟು ಅಭ್ಯಾಸವಿರುವ,
ತಮ್ಮ ವಿಶ್ವಾಸಿ

ವಿ.ಸೂ.: ಎಕ್ಸೋ ಎಂದರೆ ಹೊರಗೆ ಎಂಬುದು ಈಗ ನೆನಪಾಯಿತು. ತಮ್ಮ ಸೋದರರು ಅಲ್ಲಿಯೇ ಇರಲಿ. ಒಂದು ಮನೆಗೆ ಒಬ್ಬ ಗ್ರೀಕ್ ಕಳ್ಳ ಸಾಕು.