ಜಿನದತ್ತ ಸೋಸಿದ ಆಯಿಲು

ಜಿನದತ್ತ ಮಂಗಳವಾರ ಬೆಳಗ್ಗೆ ತೀರಿಕೊಂಡ. ಹೃದಯ ನಿಂತಿತು. ಬನಹಟ್ಟಿಯಲ್ಲಿ ಮೂವತ್ತೆಂಟು ವರ್ಷ ಬಟ್ಟೆ ಅಂಗಡಿ ನಡೆಸಿದ ಮನುಷ್ಯ ತನ್ನ ಗಾದಿಯ ಮೇಲೆ ಸಾಯದೆ, ಯಲ್ಲಾಲಿಂಗನ ಗ್ಯಾರೇಜಿನ ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಸತ್ತ.

ಅಲ್ಲಿಗೆ ಯಾಕೆ ಹೋಗಿದ್ದ ಎಂಬುದಕ್ಕೆ ಊರಲ್ಲಿ ಈಗಾಗಲೇ ಮೂರು ಕತೆಗಳು ಓಡಾಡುತ್ತಿವೆ. ಮೂರೂ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡುತ್ತವೆ. ಅವನು ಅಷ್ಟು ದೊಡ್ಡವನಾಗಿರಲಿಲ್ಲ. ಹಟಮಾರಿ, ಬಡಾಯಿಕೋರ, ನಾವು ಗೆಳೆಯರು ಹೇಳಿದ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದವನು. ಈ ನಾಲ್ಕು ದಿನದಿಂದ ಅಂಗಡಿಯ ಕಟ್ಟೆ ಎಷ್ಟು ಸಪ್ಪಗಿದೆಯೆಂದರೆ, ಆ ಬಡಾಯಿಯನ್ನೇ ಇನ್ನೊಮ್ಮೆ ಕೇಳಬಹುದಿತ್ತು ಅನ್ನಿಸುತ್ತದೆ. ಅದಿರಲಿ. ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಒಳ್ಳೆಯದು.

ಶುರುವಾದದ್ದು ಜೀಪಿನಿಂದ. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ಆಲಮಟ್ಟಿ ಕಡೆ ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಮಣ್ಣಿನಲ್ಲಿ ಓಡಾಡಿ ಸವೆದ ಒಂದು ಡೀಸೆಲ್ ಜೀಪನ್ನು ಜಿನದತ್ತ ಒಬ್ಬ ಕಂತ್ರಾಟುದಾರನಿಂದ ಕೊಂಡು ತಂದ. ಬಾಗಿಲು ಮುಚ್ಚಿದರೆ ಕನ್ನಡಿ ಬೀಳುತ್ತಿತ್ತು, ಕನ್ನಡಿ ಹಿಡಿದುಕೊಂಡರೆ ಬಾಗಿಲು ತೆರೆಯುತ್ತಿತ್ತು. ಆದರೂ ಅಂಗಡಿಯ ಮುಂದೆ ನಿಲ್ಲಿಸಿ, ಬಂದವರಿಗೆಲ್ಲ ಇದು ಇನ್ನೂ ಇಪ್ಪತ್ತು ವರ್ಷ ಓಡುವ ಗಾಡಿ ಎಂದು ಹೇಳತೊಡಗಿದ. "ಎಂಜಿನ್ನಿಗೆ ಆಯಿಲ್ ಶುದ್ಧ ಇದ್ರ ಸಾಕು. ಉಳಿದದ್ದು ನನ್ನ ಮ್ಯಾಲ ಬಿಡ್ರಿ" ಎಂಬುದು ಅವನ ಘೋಷಣೆ. ಇನ್ನೊಂದು ಹಳೆಯ ಘೋಷಣೆ ಗಿರಾಕಿಗಳಿಗಾಗಿ ಇತ್ತು. ಬಟ್ಟೆಯ ತಾನು ಬಿಚ್ಚಿ ಗಾದಿಯ ಮೇಲೆ ಹಾಸಿ, "ನಮ್ಮ ಅರಿವಿ ಒಂದ ಎಳಿ ಬಿಡಾಂಗಿಲ್ಲ" ಎನ್ನುತ್ತಿದ್ದ.

ಜೀಪಿನ ಉಸ್ತುವಾರಿ ಯಲ್ಲಾಲಿಂಗನದು. ಅವನ ಗ್ಯಾರೇಜು ಅಂಗಡಿಯ ಎದುರಿಗೇ ಇದೆ. ಮನೆದೇವರು ಬೀರೇಶ್ವರ, ಹಿರಿಯರು ಕುರಿ ಕಾಯ್ದವರು. ಇವನಿಗೆ ಮಾತ್ರ ಚಿಕ್ಕಂದಿನಿಂದ ಎಂಜಿನ್ನಿನ ಹುಚ್ಚು. ಇಬ್ಬರೂ ಏಳನೇ ಇಯತ್ತೆಯವರೆಗೆ ಒಂದೇ ಬೆಂಚಿನ ಮೇಲೆ ಕೂತವರು. ದಿನಕ್ಕೆರಡು ಸಲ ಅಂಗಡಿಯ ಪಾವಟಿಗೆ ಹತ್ತಿ ಬಂದು, "ಲೇ ಜಿನ್ನ್ಯಾ" ಎಂದು ಕರೆದು ಗಾದಿಯ ತುದಿಗೆ ಕೂತರೇನೇ ಯಲ್ಲಾಲಿಂಗನಿಗೆ ದಿನ ಮುಗಿದ ಹಾಗೆ.

ಮೊದಲ ಸಲ ಆಯಿಲ್ ಬದಲಿಸುವಾಗ ಜಿನದತ್ತ ಪಕ್ಕದಲ್ಲೇ ನಿಂತಿದ್ದ. ಯಲ್ಲಾಲಿಂಗ ಡಬ್ಬಿಯ ಸೀಲು ಕಿತ್ತು ಸೀದಾ ಎಂಜಿನ್ನಿಗೆ ಸುರಿದ.

"ಸೋಸಂಗಿಲ್ಲೇನೋ?"

"ಏನ ಸೋಸೂದು? ಅವ್ರು ಸೋಸೇ ಕಳಸಿರ್ತಾರ. ಮ್ಯಾಲ ಫಿಲ್ಟರ್ ಬ್ಯಾರೆ ಐತಿ."

"ನಮ್ಮ ಮನ್ಯಾಗ ನಳದ ನೀರೂ ಸೋಸದ ಕುಡ್ಯಾಂಗಿಲ್ಲ. ಜೀಪೂ ನಮ್ಮ ಮನೀದ."

"ಹಂಗಾರ ಹೊತ್ತ ಮುಳಗೂದ್ರೊಳಗ ಊಟಾನೂ ಮಾಡ್ಸಿಬಿಡ ಅದಕ್ಕ" ಎಂದು ಯಲ್ಲಾಲಿಂಗ ನಕ್ಕ.

ಜಿನದತ್ತ ನಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಹೆಂಡತಿ ರಾಜಮತಿ, ನಮಗೆಲ್ಲ ಅತ್ತಿಗೆಯಂಥ ವೈನಿ, ಬಸದಿಗೆ ಹೋದದ್ದೇ ತಡ, ಅವರ ಅಡುಗೆಮನೆಯ ಸ್ಟೂಲನ್ನು ಹಿತ್ತಿಲಿಗೆ ತಂದು ಬೋರಲು ಹಾಕಿದ. ಮಗ್ಗದಿಂದ ಆಗತಾನೆ ಇಳಿದ ತಾನಿನಿಂದ ಒಂದೂವರೆ ಮೊಳ ಕತ್ತರಿಸಿ, ಎರಡು ಮಡಿಕೆ ಮಾಡಿ, ಸ್ಟೂಲಿನ ನಾಲ್ಕು ಕಾಲಿಗೆ ಕಟ್ಟಿದ. ಜೀಪಿನ ಕೆಳಗೆ ನುಗ್ಗಿ, ಯಲ್ಲಾಲಿಂಗ ಹಾಕಿದ್ದ ಹೊಸ ಆಯಿಲನ್ನೆಲ್ಲ ಬಕೆಟ್ಟಿಗೆ ಇಳಿಸಿ, ಆ ಬಟ್ಟೆಗೆ ಸುರಿದ. ಶ್ರೀಖಂಡಕ್ಕೆ ಕಟ್ಟಿದ ಮೊಸರಿನ ಗಂಟಿನ ಹಾಗೆ ಅದು ತೊಟ್ಟಿಕ್ಕುತ್ತ ಎರಡು ತಾಸು ತೆಗೆದುಕೊಂಡಿತು. ಕೊನೆಗೆ ತಾಳ್ಮೆ ಕೆಟ್ಟು, ಎರಡೂ ಕೈಯಿಂದ ಬಟ್ಟೆಯನ್ನು ತಿರುವಿ ತಿರುವಿ ಹಿಂಡಿದ. ಕತ್ತರಿಸಿದ ಅಂಚಿನಿಂದ ಎಳೆಗಳು ಜೋತಾಡುತ್ತಿದ್ದವು. ಮೂರು ದಶಕ ಬಟ್ಟೆ ಮಾರಿದ ಕಣ್ಣಿಗೆ ಅವು ಬೀಳಲಿಲ್ಲ. ಸೋಸಿದ ಆಯಿಲನ್ನು ಮತ್ತೆ ಎಂಜಿನ್ನಿಗೆ ಹಾಕಿ, ಕೈ ತೊಳೆದುಕೊಂಡು, ಜಗತ್ತಿನಲ್ಲಿ ಇಷ್ಟು ಶುದ್ಧ ಆಯಿಲು ಕುಡಿದ ಜೀಪು ಇನ್ನೊಂದಿಲ್ಲ ಎಂದುಕೊಂಡ. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಲ್ಲಾಲಿಂಗ ಇನ್ನೊಂದು ಸಲ ನಗುತ್ತಿದ್ದ. ಅಂದಿನಿಂದ ಪ್ರತಿ ಸಲ ಆಯಿಲ್ ಬದಲಾದಾಗಲೂ ಒಂದು ಭಾನುವಾರ ಈ ಪೂಜೆ ನಡೆಯಿತು.

ಬೇರೆ ಊರಲ್ಲಾಗಿದ್ದರೆ ಎಂಜಿನ್ನಿನ ಬಡಿತ ಮೊದಲ ದಿನವೇ ಕೇಳಿಸುತ್ತಿತ್ತು. ಬನಹಟ್ಟಿಯಲ್ಲಿ ಓಣಿಗೆ ಓಣಿಯೇ ಬೆಳಗಿನಿಂದ ಖಟಖಟ ಅನ್ನುತ್ತಿರುತ್ತದೆ. ಒಂದು ಮಧ್ಯಾಹ್ನ ಕರೆಂಟು ಹೋಗಿ ಎಲ್ಲ ಮಗ್ಗಗಳೂ ನಿಂತವು. ಒಂದು ಮಾತ್ರ ನಿಲ್ಲಲಿಲ್ಲ.

"ಯಾರದದು, ಕರೆಂಟ್ ಇಲ್ದ ನಡ್ಯಾಕತ್ತೈತಿ?" ಎಂದು ಸ್ಟೇರಿಂಗ್ ಹಿಡಿದು ಕೂತಿದ್ದ ಜಿನದತ್ತ ಹೊರಗೆ ಇಣುಕಿ ಕೇಳಿದ.

"ನಿಮ್ಮ ಜೀಪರಿ" ಎಂದ ಎದುರುಮನೆಯವನು.

ಆಮೇಲೆ ಮೀಟರು ನೋಡಿದ. ಆಯಿಲಿನ ಒತ್ತಡ ತೋರಿಸುವ ಮುಳ್ಳು ನೆಲ ಹಿಡಿದಿತ್ತು. ಎಂಜಿನ್ ಬಂದ್ ಮಾಡಿ ಅರ್ಧ ತಾಸು ಬಿಟ್ಟು ಚಾಲೂ ಮಾಡಿದರೆ ಮುಳ್ಳು ಮೇಲೆ ನಿಲ್ಲುತ್ತಿತ್ತು. ನಾಲ್ಕು ಕಿಲೋಮೀಟರು ಓಡಿಸಿದರೆ ಮತ್ತೆ ಬೀಳುತ್ತಿತ್ತು. ಆಯಿಲು ಎಂಜಿನ್ನಿನಲ್ಲಿದೆ, ಆದರೆ ಮೇಲೆ ಹರಿಯುತ್ತಿಲ್ಲ. ಯಾಕೆ ಎಂದು ಯೋಚಿಸಲು ಜಿನದತ್ತನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾನು ಸೋಸಿದ್ದೇನೆ, ಅಂದಮೇಲೆ ತಪ್ಪು ಬೇರೆಯವರದೇ.

ಸಂಜೆ ಯಲ್ಲಾಲಿಂಗ ಎಂದಿನ ಹಾಗೆ ಬಂದು ಗಾದಿಯ ತುದಿಗೆ ಕೂತು ಚಹಾ ಹಿಡಿದಿದ್ದ. ಅಂಗಡಿಯಲ್ಲಿ ಸಾವಳಗಿಯ ಗಿರಿಮಲ್ಲಪ್ಪ ಮದುವೆ ಸೀರೆಗೆಂದು ಇನ್ನೂ ಮೂವರನ್ನು ಕರೆದುಕೊಂಡು ಬಂದಿದ್ದ. ಅವರೆಲ್ಲರ ಎದುರಿಗೇ ಜಿನದತ್ತ ಶುರು ಮಾಡಿದ.

"ಲೇ ಯಲ್ಲಾ, ಹಳೀ ಆಯಿಲ್ ಹಾಕೀದಿ ನೀ."

"ಏನಂದಿ?"

"ಹೊಸ ಡಬ್ಬಿ ತೋರ್ಸಿ ಒಳಗ ಹಳೀದ ಸುರದೀದಿ. ಇಲ್ಲಾಂದ್ರ ಮುಳ್ಳ ಯಾಕ ಬೀಳತೈತಿ?"

"ನಿನ್ನ ಮುಂದ ಸೀಲ್ ಕಿತ್ತೀನಲ್ಲೋ."

"ಸೀಲ್ ಹಚ್ಚೂದು ದೊಡ್ಡ ವಿದ್ಯಾ ಏನ?"

ಯಲ್ಲಾಲಿಂಗ ಚಹಾದ ಕಪ್ಪನ್ನು ಕೆಳಗಿಟ್ಟ. ಎದ್ದು ನಿಂತು, ಬೆರಳು ಮಾಡಿ ಗಿರಾಕಿಗಳನ್ನು ಎಣಿಸಿದ.

"ನಾಕ ಮಂದಿ ಅದಾರ. ನಾಕ ಮಂದ್ಯಾಗ ಕಳ್ಳ ಅಂದ್ರಿ. ವಾಪಸ್ ತಗೊಳ್ಳೂ ಮುಂದೂ ನಾಕ ಮಂದಿ ಇರ್ಬೇಕು. ಅಲ್ಲೀತನಾ ಈ ಪಾವಟಿಗಿ ಹತ್ತಾಂಗಿಲ್ರಿ, ಸಾವ್ಕಾರ್ರ."

ನಲವತ್ತು ವರ್ಷದ "ಲೇ ಜಿನ್ನ್ಯಾ" ಆ ದಿನ ಸಾವ್ಕಾರ್ರ ಆಯಿತು. ಗಿರಿಮಲ್ಲಪ್ಪ ಸೀರೆ ಕೊಳ್ಳದೆ ಎದ್ದು ಹೋದ. ಜಿನದತ್ತ ಅರ್ಧ ಉಳಿದ ಚಹಾವನ್ನು ನೋಡುತ್ತ ಕೂತ. ನಾಳೆ ತಾನಾಗಿ ಬರುತ್ತಾನೆ ಎಂದುಕೊಂಡ. ಯಲ್ಲಾಲಿಂಗ ಬರಲಿಲ್ಲ.

ಇನ್ನು ಬೇರೆ ಮಿಸ್ತ್ರಿಗಳನ್ನು ಹುಡುಕುವುದಾಯಿತು. ಮುಧೋಳದವನೊಬ್ಬ ಫಿಲ್ಟರ್ ಬದಲಿಸಿ, ಫಿಲ್ಟರಿನದೇ ದೋಷ ಎಂದ. ಜಮಖಂಡಿಯವನು ಆಯಿಲು ತೆಳುವಾಗಿದೆ ಎಂದು ಕಾಕಂಬಿಯಂಥದನ್ನು ಹಾಕಿದ. ರಬಕವಿಯವನು ಎಲ್ಲರಿಗಿಂತ ಜಾಣ. ಎಂಜಿನ್ನನ್ನು ಮುಟ್ಟದೆ, ಮೀಟರನ್ನೇ ಬಿಚ್ಚಿ, ಮುಳ್ಳು ನಡುವೆ ನಿಲ್ಲುವ ಹಾಗೆ ಮಾಡಿ, "ಇನ್ನ ಬೀಳಾಂಗಿಲ್ರಿ" ಎಂದು ಕೊಟ್ಟ. ಎಂಜಿನ್ನಿನ ಹೊಟ್ಟೆಯ ಕೆಳಗೆ ಆಯಿಲು ನಿಲ್ಲುವ ತಟ್ಟೆಗೆ ಚೇಂಬರು ಎನ್ನುತ್ತಾರೆ. ಅದನ್ನು ಬಿಚ್ಚುವ ತ್ರಾಸನ್ನು ಮೂವರಲ್ಲಿ ಒಬ್ಬನೂ ತೆಗೆದುಕೊಳ್ಳಲಿಲ್ಲ. ಜಿನದತ್ತನೋ, ಪ್ರತಿಯೊಬ್ಬನೂ ಹಾಕಿದ ಆಯಿಲನ್ನು ಮನೆಗೆ ತಂದು ಇಳಿಸಿ ಸೋಸಿದ. ಕಳ್ಳರು ಹೆಚ್ಚಾದಂತೆ ಬಟ್ಟೆಯ ಮಡಿಕೆಯೂ ಹೆಚ್ಚಬೇಕೆಂದು ಎರಡಿದ್ದದ್ದನ್ನು ನಾಲ್ಕು ಮಾಡಿದ.

ಮರುತಿಂಗಳು ವೈನಿಯನ್ನು ಕೂರಿಸಿಕೊಂಡು ಸಾವಳಗಿಗೆ ಹೊರಟ. ಜಮಖಂಡಿ ದಾಟಿ ಸ್ವಲ್ಪ ದೂರ ಹೋಗಿದ್ದರು. ಎಂಜಿನ್ ಒಮ್ಮೆ ಕಿರುಚಿ, ಹೊಗೆ ಬಿಟ್ಟು, ನಿಂತಿತು.

"ಮುಳ್ಳ ಏನ ತೋರಸ್ತೈತ್ರಿ?" ವೈನಿ ಕೇಳಿದರು.

"ಎಲ್ಲಾ ಬರೋಬರಿ ಐತಿ ಅಂತ ತೋರಸ್ತೈತಿ."

"ಹಂಗಾರ ಮುಳ್ಳಿನ ಮ್ಯಾಲ ಕೂತ ಸಾವಳಗಿಗೆ ಹೋಗೂಣೇನ್ರಿ?"

ಕಬ್ಬಿನ ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಜೀಪನ್ನು ಬನಹಟ್ಟಿಯವರೆಗೆ ಎಳೆದು ತಂದಿತು. ಪೇಟೆಯ ನಡುವೆ, ಕಬ್ಬಿನ ರವದಿಯ ಹೇರಿನ ಹಿಂದೆ, ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತ ಜಿನದತ್ತನನ್ನು ಎಲ್ಲರೂ ನೋಡಿದರು. ಯಲ್ಲಾಲಿಂಗನೂ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದ. ಕೈಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ಒರೆಸಿಕೊಂಡು ಒಳಗೆ ಹೋದ. ನಕ್ಕಿದ್ದರೆ ಜಿನದತ್ತನಿಗೆ ಎಷ್ಟೋ ಹಗುರಾಗುತ್ತಿತ್ತು.

"ಯಲ್ಲಾಲಿಂಗಪ್ಪನ್ನ ಕರೀರಿ" ಎಂದರು ವೈನಿ.

"ನಾ ಕರ್ಯಾಂಗಿಲ್ಲ. ಅಂವ ನಮ್ಮ ಪಾವಟಿಗಿ ಹತ್ತಾಂಗಿಲ್ಲ ಅಂದಾನ."

"ಅಂವ ಅಂದದ್ದು ಅಂಗಡಿ ಪಾವಟಿಗಿ. ನನ್ನ ಹಿತ್ತಲಾ ಅಲ್ಲ." ತಾವೇ ಹೋಗಿ ಕರೆದರು.

ಯಲ್ಲಾಲಿಂಗ ಹಿತ್ತಿಲ ಬಾಗಿಲಿನಿಂದ ಬಂದ. ಜಿನದತ್ತನ ಕಡೆ ನೋಡದೆ ಜೀಪಿನ ಕೆಳಗೆ ಮಲಗಿ ಚೇಂಬರು ಬಿಚ್ಚಿದ. ಅಲ್ಲಿ ಆಯಿಲನ್ನು ಎಳೆದುಕೊಳ್ಳುವ ಪಂಪಿನ ಬಾಯಿಗೆ ಒಂದು ತಂತಿಯ ಜರಡಿ ಇರುತ್ತದೆ. ಜರಡಿಯೇ ಕಾಣಿಸುತ್ತಿರಲಿಲ್ಲ. ಅದರ ಮೇಲೆ ಅಂಗೈಯಗಲದ, ಕಂಬಳಿಯಂಥ, ಕಪ್ಪನೆಯ ಪದರವೊಂದು ಮೆತ್ತಿಕೊಂಡಿತ್ತು. ಹಂಚಿನ ಮೇಲಿಂದ ರೊಟ್ಟಿ ಎಬ್ಬಿಸುವ ಹಾಗೆ ಉಗುರಿನಿಂದ ಅದನ್ನು ಎಬ್ಬಿಸಿ ವೈನಿಯ ಮುಂದೆ ಹಿಡಿದ.

"ವೈನಿ, ಇದೇನ ನೋಡ್ರಿ. ನಮ್ಮ ವಿದ್ಯಾಕ್ಕ ತಿಳೀವಲ್ದು."

ವೈನಿ ಒಂದು ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬೆರಳಲ್ಲಿ ಉಜ್ಜಿದರು. ಕಪ್ಪು ಹೋಗಿ ಬಿಳಿ ಕಂಡಿತು.

"ಹತ್ತಿ ಜುಂಗು. ಮಗ್ಗದ್ದು. ಇನ್ನೂ ಗಂಜಿ ಸೈತ ಬಿಟ್ಟಿಲ್ಲ." ಗಂಡನ ಕಡೆ ತಿರುಗಿದರು. "ನನ್ನ ಸ್ಟೂಲಿನ ಕಾಲ ಯಾಕ ಕರ್ರಗಾಗ್ಯಾವ ಅಂತ ಕೇಳಿದ್ದೆ. ಬಾಗಲಾ ಗ್ರೀಸ್ ಮಾಡೂ ಮುಂದ ಹತ್ತೇತಿ ಅಂದಿದ್ರಿ."

ಜಿನದತ್ತ ಬಾವಿಯ ಕಡೆ ನೋಡಿದ.

"ಆಯಿಲ್ ಸೋಸೀರಿ. ಮಗ್ಗದಿಂದ ಇಳಿದ ಅರಿವ್ಯಾಗ."

"ಶುದ್ಧ ಆಗ್ಲಿ ಅಂತ..."

"ನೀರಿನ ಅರಿವಿ ನಾ ಎಷ್ಟ ಸಲ ಕುದಿಸಿ ಒಗೀತೀನಿ ಗೊತ್ತೈತೇನ್ರಿ? ನಾಕ ಸಲ. ಅಂಚ ಹೊಲದು ಆಮ್ಯಾಲ ಕಟ್ತೀನಿ. ಮೂವತ್ತ ವರ್ಷ ಆ ನೀರ ಕುಡದೀರಿ. ಹೆಂಗ ಸೋಸ್ತಾರ ಅಂತ ಒಂದ ದಿನ ಕೇಳಿಲ್ಲ."

ಯಲ್ಲಾಲಿಂಗ ಆ ಕಂಬಳಿಯನ್ನು ಜೀಪಿನ ಬಾನೆಟ್ಟಿನ ಮೇಲೆ ಒಪ್ಪವಾಗಿ ಹಾಸಿದ, ಗಿರಾಕಿಗೆ ಸೀರೆ ಹಾಸಿದ ಹಾಗೆ.

"ಅಂಗಡ್ಯಾಗ ಏನೋ ಅಂತೀರಲ್ರಿ, ಸಾವ್ಕಾರ್ರ? ಒಂದ ಎಳಿ..."

ಅಲ್ಲಿಗೆ ಜಿನದತ್ತ ಸಿಕ್ಕಿಬಿದ್ದ. ಯಲ್ಲಾಲಿಂಗ ಕಳ್ಳನಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರೆ, ಹಾಗಾದರೆ ಎಂಜಿನ್ ಕೆಟ್ಟದ್ದು ಹೇಗೆ ಎಂದು ಐದನೆಯವನು ಕೇಳುತ್ತಾನೆ. ತನ್ನ ಬಟ್ಟೆಯ ಜುಂಗಿನಿಂದ ಎಂದು ಗಾದಿಯ ಮೇಲೆ ಕೂತು ಹೇಳುವುದು ಹೇಗೆ? ಗೆಳೆಯನೋ, ತಾನೋ ಎಂದು ತೂಗಿ ನೋಡಿ, ಈ ಶೂರ ಬಟ್ಟೆಯ ತಾನನ್ನೇ ಆರಿಸಿಕೊಂಡ. ನಾವು ಗೆಳೆಯರು ಬೈದೆವು. ಸೀಸನ್ ಮುಗಿಯಲಿ ಎಂದ. ಸೀಸನ್ ಮುಗಿಯಿತು. ದೀಪಾವಳಿ ಆಗಲಿ ಎಂದ. ಮೂರು ದೀಪಾವಳಿ ಆದವು.

ಎಂಜಿನ್ ಬಿಚ್ಚಿ ಸರಿ ಮಾಡಿದ್ದೂ, ಆ ಮೂರು ವರ್ಷ ಜೀಪನ್ನು ನೋಡಿಕೊಂಡದ್ದೂ ಯಲ್ಲಾಲಿಂಗನೇ. ಅಂಗಡಿಯ ಮುಂದೆ, ರಸ್ತೆಯ ಮೇಲೆ ನಿಂತು. ಆಯಿಲ್ ಬದಲಿಸುವ ದಿನ ಹೊಸ ಡಬ್ಬಿಯನ್ನು ತಲೆಯ ಮೇಲೆತ್ತಿ, ಓಣಿಗೆಲ್ಲ ಕಾಣುವ ಹಾಗೆ ಸೀಲನ್ನು ಜಗ್ಗಿ ಜಗ್ಗಿ ತೋರಿಸಿ, "ನೋಡ್ಕೋರಿ, ಸಾವ್ಕಾರ್ರ" ಎಂದು ಒಳಗೆ ಕೂಗುತ್ತಿದ್ದ. ಪಾವಟಿಗೆ ಮಾತ್ರ ಹತ್ತಲಿಲ್ಲ. ಒಳಗೆ ಗಾದಿಯ ತುದಿಯಲ್ಲಿ ಯಲ್ಲಾಲಿಂಗ ಕೂರುತ್ತಿದ್ದ ಜಾಗದಲ್ಲಿ ಜಿನದತ್ತ ಯಾರನ್ನೂ ಕೂರಗೊಡುತ್ತಿರಲಿಲ್ಲ. ಅಷ್ಟು ಮಾಡಬಲ್ಲವನು ಇನ್ನೊಂದು ಮಾತು ಆಡಲಾರದೆ ಹೋದ. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದರೆ ವೈನಿ ಕೇಳುವುದು ಒಂದೇ: "ಇವತ್ತೂ ನಾಕ ಮಂದಿ ಸಿಗಲಿಲ್ಲೇನ್ರಿ?"

ಈ ಸೋಮವಾರ ಅವನಿಗೆ ಎದೆ ಹಿಡಿದಂತಾಯಿತು. ಜಮಖಂಡಿಯ ಡಾಕ್ಟರು ಔಷಧ ಕೊಟ್ಟು, ಎಂಟು ದಿನ ಹಾಸಿಗೆ ಬಿಟ್ಟು ಏಳಬೇಡಿ ಎಂದರು. ಹೇಳಿದ್ದನ್ನು ಮಾಡುವ ಚಟ ಅವನಿಗೆ ಎಂದೂ ಇರಲಿಲ್ಲ. ಮಂಗಳವಾರ ಬೆಳಗ್ಗೆ ಎದ್ದು, ಹೊಸ ಆಯಿಲಿನ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯ ಎದುರಿನ ಗ್ಯಾರೇಜಿಗೆ ನಡೆದುಕೊಂಡು ಹೋದ. ಒಳಗೆ ಬಂದು ನಿಂತು ಜನರನ್ನು ಎಣಿಸಿದ. ಯಲ್ಲಾಲಿಂಗನನ್ನು ಬಿಟ್ಟು ಮೂವರೇ ಇದ್ದರು. ಹೊರಗೆ ಮಜ್ಜಿಗೆ ಮಾರುವ ತಾರವ್ವ ಹೊರಟಿದ್ದಳು.

"ತಾರವ್ವ, ಒಳಗ ಬಾ."

"ಮಜ್ಜಗಿ ಬೇಕೇನ್ರಿ?"

"ಬ್ಯಾಡ. ಒಬ್ರ ಕಮ್ಮಿ ಬಿದ್ದಾರ. ನಿಂದ್ರ ಇಲ್ಲಿ."

ತಾರವ್ವ ಗಡಿಗೆ ಇಳಿಸಿ ನಿಂತಳು. ಜಿನದತ್ತ ಗಂಟಲು ಸರಿ ಮಾಡಿಕೊಂಡ.

"ನಾಕೂ ಮಂದಿ ಕೇಳ್ರಿ. ಯಲ್ಲಾ ಕಳ್ಳ ಅಲ್ಲ. ಆಯಿಲ್ ಕೆಡಿಸಿದಾಂವ ನಾ."

ಯಲ್ಲಾಲಿಂಗ ಪಾನಾ ಕೆಳಗಿಡಲಿಲ್ಲ. "ಮತ್ತ ಅರಿವಿ?"

ಇದು ಮೊದಲಿನದಕ್ಕಿಂತ ಕಷ್ಟದ್ದು. ಜಿನದತ್ತ ಒಮ್ಮೆ ಎದುರಿನ ತನ್ನ ಅಂಗಡಿಯ ಬೋರ್ಡನ್ನು ನೋಡಿದ.

"ನಮ್ಮ ಅರಿವಿ ಜುಂಗ ಬಿಡತೈತಿ."

"ಅದನ್ನ ಹೇಳಾಕ ಕರದ್ರೇನ್ರಿ?" ಎಂದಳು ತಾರವ್ವ, ಗಡಿಗೆ ಎತ್ತಿಕೊಳ್ಳುತ್ತ. "ಊರಿಗೆಲ್ಲಾ ಗೊತ್ತೈತಿ. ನಾವು ಒಗದ ಉಟ್ಕೋತೀವಿ."

ಮೂರು ವರ್ಷದ ನಗೆ ಯಲ್ಲಾಲಿಂಗನಿಗೆ ಒಮ್ಮೆಲೇ ಬಂತು. ನಗುತ್ತಲೇ ಬೆಂಚನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

"ಲೇ ಜಿನ್ನ್ಯಾ. ಕೂಡ್ರ ಬಾ."

ಜಿನದತ್ತ ಕೂತ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಾನುಗಳಿಗೆ ಗುರುತು ಹಾಕುವ ಪೆನ್ಸಿಲನ್ನು ಕಿವಿಯಿಂದ ತೆಗೆದು, ಸೀಲಿನ ಕೆಳಗೆ ದೊಡ್ಡ ಅಕ್ಷರದಲ್ಲಿ "ಸೋಸಿಲ್ಲ" ಎಂದು ಬರೆದು, ಯಲ್ಲಾಲಿಂಗನ ಕೈಗೆ ಕೊಟ್ಟ.