ಚಿಕ್ಕಲಕ್ಷ್ಮಮ್ಮನ ಹಸಿರು ಕೆನ್ನೆ

ಅಂಗಡಿ ಬೋರ್ಡು ಬರೆಯುವ ಕೃಷ್ಣಯ್ಯನಿಗೆ ಬಣ್ಣವೆಂದರೆ ಕೆಂಪು, ಹಳದಿ. ಬೀದಿಯ ಆ ತುದಿಯಿಂದಲೇ ಕಣ್ಣಿಗೆ ಹೊಡೆಯಬೇಕು. ಅಂಥವನ ತಲೆಗೆ ಡ್ರಾಯಿಂಗ್ ಮೇಷ್ಟ್ರು ಏಕಾಂತಯ್ಯ ಹುಳ ಬಿಟ್ಟರು.

"ಹಳೇ ಕಾಲದ ಚಿತ್ರಗಾರರು ಮೊದಲು ಮುಖಾನೆಲ್ಲ ಹಸಿರು ಬೆರೆಸಿದ ಬೂದಿ ಬಣ್ಣದಲ್ಲೇ ಬರೀತಿದ್ರು ಕಣಯ್ಯ. ಅದು ಒಣಗಿದ ಮೇಲೆ ತೆಳ್ಳಗೆ ಮೈಬಣ್ಣ ಹಚ್ಚಿದ್ರೆ ಜೀವ ಬರುತ್ತೆ."

ಕೆನ್ನೆಗೆ ಹಸಿರೇ? ಕೃಷ್ಣಯ್ಯನಿಗೆ ಊಟ ಸೇರಲಿಲ್ಲ.

ರಾಜಾಜಿನಗರದ ಚಿಕ್ಕಲಕ್ಷ್ಮಮ್ಮನ ಮನೆಯಲ್ಲಿ ಅವನಿಗೊಂದು ಬಾಡಿಗೆ ಕೋಣೆ. ಭಾನುವಾರ ಬೆಳಗ್ಗೆ ಆಕೆಯನ್ನೇ ಪುಸಲಾಯಿಸಿ ಜಗಲಿಯಲ್ಲಿ ಕೂರಿಸಿದ. ಮುದ್ದೆ ಉಂಡು ಕೂತವರು ತೂಕಡಿಸಿದರು. ಕಂಡದ್ದನ್ನು ಕಂಡಹಾಗೆ ಬರೆಯಬೇಕಲ್ಲ, ಮುಚ್ಚಿದ ಕಣ್ಣನ್ನೇ ಬರೆದ. ಬರೀ ಬೂದಿ ಬಣ್ಣದಲ್ಲೇ ಮೂಗು ಎದ್ದು ನಿಂತಾಗ, ಮೊದಲ ಸಲ ಬುಗುರಿ ನೋಡಿದ ಮಗುವಿನಂತೆ ಬೆರಗಾದ.

ಮಧ್ಯಾಹ್ನ ಆಕೆ ಎದ್ದು, ಮನೆಗೆ ಬೀಗ ಹಾಕಿ, ಅವರೆಕಾಯಿ ಕೀಳಲು ಹೊಲಕ್ಕೆ ಹೋದರು. ಚಿತ್ರವನ್ನು ಒಣಗಲೆಂದು ಜಗಲಿಯ ಗೋಡೆಗೊರಗಿಸಿ ಇವನು ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ತರಲು ಪೇಟೆಗೆ ಹೋದ.

ಸಂಜೆ ಬಂದರೆ ಮನೆ ಮುಂದೆ ಜನ. ಚಿತ್ರಕ್ಕೆ ಸೇವಂತಿಗೆ ಹಾರ, ಮುಂದೆ ಊದುಬತ್ತಿ. ಮೊದಲ ಚಿತ್ರಕ್ಕೇ ಇಷ್ಟು ಮರ್ಯಾದೆಯೇ ಎಂದು ಅವನೆದೆ ಪೂರಿಯಂತೆ ಉಬ್ಬಿತು.

ಎದುರುಮನೆಯ ಬೋರಮ್ಮ ಸೆರಗಿನಲ್ಲಿ ಮೂಗೊರಸಿಕೊಂಡು ಕೇಳಿದಳು, "ಯಾವಾಗಾಯ್ತು ಕೃಷ್ಣಯ್ಯ?"

"ಮಧ್ಯಾಹ್ನ."

"ತುಂಬಾ ಕಷ್ಟಪಟ್ರಾ?"

"ಅವರಿಗೇನ್ ಕಷ್ಟ? ಕೂತಲ್ಲೇ ಕಣ್ಮುಚ್ಚಿದ್ರು. ಕಷ್ಟ ಎಲ್ಲಾ ನಂದು."

"ಪುಣ್ಯವಂತೆ," ಎಂದು ಬೋರಮ್ಮ ಬಿಕ್ಕಿದಳು. "ಆಸ್ಪತ್ರೆಯಿಂದ ಯಾವಾಗ ತರ್ತಾರೆ?"

ಕೃಷ್ಣಯ್ಯ ಬಾಗಿಲ ಬೀಗ ನೋಡಿದ, ಚಿತ್ರದ ಮುಚ್ಚಿದ ಕಣ್ಣು, ಹಸಿರು ಕೆನ್ನೆ ನೋಡಿದ. ಬಾಯಿ ಬಿಡುವಷ್ಟರಲ್ಲಿ ಜಟಕಾ ಬಂದು ನಿಂತಿತು. ಪಕ್ಕದ ಮನೆಯ ನಾಗರಾಜು ಆಗಲೇ ಸೈಕಲ್ ತುಳಿದು ಮಲ್ಲತ್ತಹಳ್ಳಿಗೆ ಸುದ್ದಿ ಮುಟ್ಟಿಸಿದ್ದ. ಅಪ್ಪನ ಜಮೀನಿನ ಜಗಳದಲ್ಲಿ ಎಷ್ಟೋ ವರ್ಷದಿಂದ ಚಿಕ್ಕಲಕ್ಷ್ಮಮ್ಮನ ಜೊತೆ ಮಾತು ಬಿಟ್ಟಿದ್ದ ಅಲ್ಲಿನ ತಂಗಿ ಹನುಮಕ್ಕ, ಗಂಡನಿಲ್ಲದ ಒಂಟಿ ಹೆಂಗಸು, ಬೀದಿ ನಡುಗುವಂತೆ ಅಳುತ್ತ ಇಳಿದಳು.

"ಯಾರು ಹೋಗ್ಬಿಟ್ರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಮ್ಮಕ್ಕ ಹೋಗ್ಬಿಟ್ಳು," ತಿರುಗದೆಯೇ ಅಂದಳು ಹನುಮಕ್ಕ.

"ಯಾವ ಅಕ್ಕನೇ? ನಿನಗಿರೋಳು ನಾನೊಬ್ಳೇ."

ಚಿಕ್ಕಲಕ್ಷ್ಮಮ್ಮ ಮಡಿಲ ತುಂಬ ಅವರೆಕಾಯಿ ತುಂಬಿಕೊಂಡು ನಿಂತಿದ್ದರು. ಮರುಕ್ಷಣ ಕಾಯೆಲ್ಲ ನೆಲದ ಮೇಲೆ, ಅಕ್ಕತಂಗಿ ಒಬ್ಬರ ತೋಳಲ್ಲಿ ಒಬ್ಬರು.

ಅಳು ಮುಗಿದ ಮೇಲೆ ಆಕೆ ಚಿತ್ರವನ್ನು ನೋಡಿದರು, ಆಮೇಲೆ ಕೃಷ್ಣಯ್ಯನನ್ನು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನೀ ನನ್ನ ಸಾಯಿಸಿದ್ದಕ್ಕೆ ನನ್ನ ತಂಗಿ ಬಂದ್ಲು ಕಣಪ್ಪ. ದೇವ್ರು ನಿನ್ನ ಚೆನ್ನಾಗಿಟ್ಟಿರಲಿ."

ಅವನಿಗೆ ಹೋದ ಉಸಿರು ಬಂತು. "ಹಂಗಾದ್ರೆ ನಾಳೆ ಇನ್ನೊಂದ್ಸಲ ಕೂತ್ಕೋತೀರಾ ಅವ್ವ? ಮೈಬಣ್ಣ ಬಾಕಿ ಇದೆ."

"ಅದಕ್ಕೇನು, ಕೂತ್ಕೋತೀನಿ. ಬೆಳಗ್ಗೆನೇ ನಿನ್ನ ಕೋಣೆ ಮಾತ್ರ ಖಾಲಿ ಮಾಡ್ಬಿಡಪ್ಪ. ಹನುಮಿ ಇನ್ಮೇಲೆ ಇಲ್ಲೇ ಇರ್ತಾಳೆ."