ಈ ಸಾರು ಮಾಡಿದ್ದು ಯಾರು?

ಗಂಡಸು ಒಲೆ ಮುಂದೆ ನಿಂತರೆ ನಮ್ಮ ಕಡೆ ಜನ ಬೆಚ್ಚಿಬೀಳುವುದು ಇನ್ನೂ ನಿಂತಿಲ್ಲ. ನನ್ನ ಹೆಂಡತಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಮಾಗಡಿಯ ನಮ್ಮತ್ತೆ ಒಂದು ಷರತ್ತು ಹಾಕಿದ್ದರು: ಅಳಿಯನ ಹೊಟ್ಟೆಗೆ ಕಡಿಮೆಯಾದ ದಿನ ಕೆಲಸ ಬಿಡಬೇಕು. ಹೆಂಡತಿಗೆ ಆ ಕೆಲಸವೆಂದರೆ ಪ್ರಾಣ. ಚನ್ನಪಟ್ಟಣದ ಕಾಲೇಜಿನಲ್ಲಿ ಪಾಠ ಮುಗಿಸಿ ಬೇಗ ಮನೆ ಸೇರುವವನು ನಾನು. ಹಾಗಾಗಿ ಸಂಜೆಯಡುಗೆ ನನ್ನ ಪಾಲಿಗೆ ಬಂತು.

೧. ಬಸಿದದ್ದು

ಬಸ್ಸಾರು ಉಂಡೇ ಬೆಳೆದವನು. ಅದು ಎಲ್ಲಿಂದ ಬರುತ್ತದೆಂದು ಮಾತ್ರ ನೋಡಿರಲಿಲ್ಲ. ಮೊದಲ ವಾರ ಸೊಪ್ಪು, ಬೇಳೆ ಬೇಯಿಸಿ, ನೀರು ಬಸಿದು ಸಿಂಕಿಗೆ ಸುರಿದೆ. ಪಲ್ಯಕ್ಕೆ ಒಗ್ಗರಣೆಯೂ ಆಯಿತು. ಇನ್ನು ಸಾರು ಹೇಗೆಂದು ಅತ್ತೆಗೆ ಫೋನ್ ಮಾಡಿದೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಎಂದರು. ಅದನ್ನು ಚೆಲ್ಲಿದೆ ಎಂದೆ. ಅತ್ತೆ ಇನ್ನೊಮ್ಮೆ ಹೇಳಿಸಿ ಕೇಳಿಕೊಂಡರು.

“ಸಾರ್‍ನೇ ಚೆಲ್ಬುಟ್ಟು, ಸಾರು ಹೆಂಗೆ ಮಾಡೋದು ಅಂತ ಕೇಳ್ತಿದ್ದೀರಲ್ಲ ಅಳಿಯಂದ್ರೆ?”

೨. ರಾಜಿ

ಆಮೇಲೆ ಕೆಲಕಾಲ ಉಪ್ಪನ್ನೂ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದೆ. ಒಂದು ದಿನ ತಕ್ಕಡಿಯ ಬ್ಯಾಟರಿ ಸತ್ತುಹೋಯಿತು. ಬೇರೆ ದಾರಿಯಿಲ್ಲದೆ ಕೈಗೆ ಬಂದಷ್ಟು ಹಾಕಿದೆ, ಬೆಳ್ಳುಳ್ಳಿಯ ಘಮ ಹೇಳಿದಾಗ ಇಳಿಸಿದೆ. ಹಾಡು ಗುನುಗುತ್ತಿದ್ದೇನೆಂದು ಆಗಲೇ ಗೊತ್ತಾದದ್ದು. ಆ ತಕ್ಕಡಿಗೆ ಮತ್ತೆ ಬ್ಯಾಟರಿ ಹಾಕಲಿಲ್ಲ.

ಮರುದಿನ ಕಾಲೇಜಿನಲ್ಲಿ ಸಹೋದ್ಯೋಗಿ ನನ್ನ ಡಬ್ಬಿಗೆ ಕೈಹಾಕಿ, ಮನೆಯವರನ್ನು ಹೊಗಳಿದ. ಮಾಡಿದ್ದು ನಾನು ಎಂದೆ. ಅವನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಲೇ, ಮನೇಲಿ ಗಲಾಟೆ ಏನ್ಲಾ?”

ಏನೂ ಇಲ್ಲವೆಂದರೂ ನಂಬಲಿಲ್ಲ. ಸಂಜೆ ರಾಜಿ ಮಾಡಿಸಲು ಹಿರಿಯರೊಬ್ಬರನ್ನು ಕರೆದುಕೊಂಡೇ ಬಂದ. ಇಬ್ಬರೂ ಎರಡೆರಡು ಮುದ್ದೆ ಉಂಡರು. ಜಗಳವಿದ್ದರೆ ಇನ್ನೊಮ್ಮೆ ಬರುತ್ತೇನೆಂದು ಹಿರಿಯರು ಹೇಳಿ ಹೋದರು.

೩. ತನಿಖೆ

ರಾಜಿ ಪಂಚಾಯ್ತಿಯ ಸುದ್ದಿ ಮಾಗಡಿ ಮುಟ್ಟಿತು. ಅತ್ತೆ ಹೇಳದೆ ಕೇಳದೆ ಬಂದಿಳಿದು, ಅಡುಗೆಮನೆ ಬಾಗಿಲಲ್ಲೇ ಕುಳಿತರು. ಕಾರ್ಖಾನೆಯಿಂದ ಆಗಷ್ಟೇ ಬಂದ ಹೆಂಡತಿ, ಯೂನಿಫಾರ್ಮಿನಲ್ಲೇ ಗೋಡೆಗೊರಗಿ ನಿಂತಳು.

ನಾನು ಹಿದುಕಿದ ಅವರೆಕಾಳಿನ ಸಾರಿಗೆ ಉಪ್ಪು ಎಸೆದೆ. ಅಳತೆಯಿಲ್ಲದ್ದು ನೋಡಿ ಅತ್ತೆ ಎದೆ ಮುಟ್ಟಿಕೊಂಡರು. ಮುದ್ದೆ ತೊಳಸುವಾಗ ಕೋಲು ಕಿತ್ತುಕೊಳ್ಳಲು ಎದ್ದವರು, ಹಿಟ್ಟು ಗಂಟಿಲ್ಲದೆ ತಿರುಗುವುದನ್ನು ಕಂಡು ಹಾಗೇ ಕುಳಿತರು.

ಅತ್ತೆ ಊಟಕ್ಕೆ ಕೂತರು. ಮೊದಲ ಮುದ್ದೆ ಮುಗಿಯಿತು. ತಟ್ಟೆ ಮುಂದಕ್ಕೆ ಚಾಚಿದರು. ಎರಡನೆಯದೂ ಮುಗಿಯಿತು. ತೀರ್ಪಿಗೆ ಕಾದಿದ್ದ ಹೆಂಡತಿ ತಡೆಯಲಾರದೆ, ಕೆಲಸ ಬಿಡಬೇಕಾ ಎಂದು ಕೇಳಿಯೇಬಿಟ್ಟಳು.

ಅತ್ತೆ ಬೆರಳು ನೆಕ್ಕುವುದನ್ನು ನಿಲ್ಲಿಸಿ ಗಾಬರಿಯಿಂದ ಮಗಳ ಮುಖ ನೋಡಿದರು.

“ಕೆಲ್ಸ ಬುಟ್ಟುಗಿಟ್ಟೀಯೆ ಕಣವ್ವ! ನೀನು ಮನೇಲಿ ಕುಂತ್ರೆ, ನಾನು ಬಂದಾಗೆಲ್ಲ ನಿನ್ ಕೈ ಅಡ್ಗೆ ಉಣ್ಬೇಕಾಯ್ತದೆ.”